ನದಿ ಹರಿಯುವುದು ನೆಲದೊಳಗಿನಿಂದ: ದೇವನಹಳ್ಳಿಯ ಹೊಲ, ಬಾವಿ ಮತ್ತು ಬತ್ತಿದ ಹೊಳೆಗಳ ಲೆಕ್ಕ

ನಮ್ಮ ಊರಿನಿಂದ ಉತ್ತರಕ್ಕೆ ನೋಡಿದರೆ ಕಾಣುವ ನಂದಿ ಬೆಟ್ಟದ ಸಾಲಿನಲ್ಲಿ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನದಿಗಳು ಹುಟ್ಟುತ್ತವೆ ಎಂದು ನಾವು ಪ್ರೌಢಶಾಲೆಯಲ್ಲೇ ಓದಿದ್ದೇವೆ. ದೇವನಹಳ್ಳಿ ತಾಲೂಕಿನ ಪಶ್ಚಿಮ ಭಾಗದಲ್ಲಿ ಬಿದ್ದ ಮಳೆ ಅರ್ಕಾವತಿಯ ಕಡೆಗೆ ಹೋಗುತ್ತದೆ. ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರಗಳನ್ನು ದಾಟಿ ಕನಕಪುರ ತಾಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಪೂರ್ವ ಭಾಗದ ನೀರು ದಕ್ಷಿಣ ಪಿನಾಕಿನಿಯದು. ಅದು ಹೊಸಕೋಟೆಯ ಮೇಲೆ ಹಾದು ತಮಿಳುನಾಡಿಗೆ ಹೋಗಿ, ಅಲ್ಲಿ ತೆನ್‌ಪೆಣ್ಣೈ ಎಂಬ ಹೆಸರು ಪಡೆದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಂಗೆ, ಯಮುನೆಗಳಿಗೆ ಬೇಸಿಗೆಯಲ್ಲಿ ಹಿಮಾಲಯದ ಹಿಮ ಕರಗಿ ನೀರು ಬರುತ್ತದೆ. ನಂದಿ ಬೆಟ್ಟದಲ್ಲಿ ಹಿಮವಿಲ್ಲ. ನಮ್ಮಲ್ಲಿ ಮಳೆ ಬರುವ ದಿನಗಳು ವರ್ಷಕ್ಕೆ ಅರವತ್ತರ ಆಸುಪಾಸು. ಹಾಗಿದ್ದರೂ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಮಳೆ ನಿಂತು ತಿಂಗಳುಗಳಾದ ಮೇಲೂ ಹಳ್ಳಗಳಲ್ಲಿ ನೀರು ಹರಿಯುತ್ತಿತ್ತು. ಆ ನೀರು ಎಲ್ಲಿಂದ ಬರುತ್ತಿತ್ತು? ಈಗ ಯಾಕೆ ಬರುತ್ತಿಲ್ಲ? ಇದಕ್ಕೆ ಉತ್ತರ ನಮ್ಮ ಕಾಲ ಕೆಳಗೇ ಇದೆ. ಉತ್ತರ ತಿಳಿದರೆ ಮನೆಯ ಬೋರ್‌ವೆಲ್ ಯಾಕೆ ಕೈಕೊಟ್ಟಿತು ಎಂಬುದೂ ತಿಳಿಯುತ್ತದೆ.

ಒಂದು ಎಕರೆಯ ಮಳೆ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಭಾಗದ ವಾರ್ಷಿಕ ಮಳೆ ಸರಾಸರಿ ಸುಮಾರು 800 ಮಿಲಿಮೀಟರ್. ಒಂದು ಎಕರೆ ಎಂದರೆ 4,047 ಚದರ ಮೀಟರ್. ಎರಡನ್ನೂ ಗುಣಿಸಿದರೆ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 32 ಲಕ್ಷ ಲೀಟರ್ ನೀರು ಬೀಳುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇದು 540 ಟ್ಯಾಂಕರ್.

ಈ ನೀರು ನಾಲ್ಕು ದಾರಿ ಹಿಡಿಯುತ್ತದೆ. ಒಂದು ಪಾಲು ನೆಲದ ಮೇಲೆ ಹರಿದು ಕುಂಟೆ, ಕೆರೆ, ಹಳ್ಳ ಸೇರುತ್ತದೆ. ಒಂದು ಪಾಲು ಬಿಸಿಲಿಗೆ ನೇರವಾಗಿ ಆವಿಯಾಗುತ್ತದೆ. ಒಂದು ದೊಡ್ಡ ಪಾಲು ಮೇಲ್ಮಣ್ಣಿನಲ್ಲಿ ನಿಂತು, ಗಿಡದ ಬೇರಿನ ಮೂಲಕ ಎಲೆಗೆ ಏರಿ, ಬಾಷ್ಪವಿಸರ್ಜನೆಯಿಂದ ಗಾಳಿಗೆ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿದದ್ದು ಇನ್ನೂ ಕೆಳಗಿಳಿದು ಅಂತರ್ಜಲವಾಗುತ್ತದೆ. ನಮ್ಮಂಥ ಗಟ್ಟಿ ಕಲ್ಲಿನ ನಾಡಿನಲ್ಲಿ ಈ ಕೊನೆಯ ಪಾಲು ಅಂದಾಜು ಹತ್ತರಲ್ಲಿ ಒಂದು ಮಾತ್ರ, ಅಂದರೆ 80 ಮಿಲಿಮೀಟರ್. ಎಕರೆಗೆ ಸುಮಾರು 3.2 ಲಕ್ಷ ಲೀಟರ್.

ನೆಲದೊಳಗಿನ ನೀರು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಹೀಗೆ ಎರಡು ಖಾತೆಗಳಿವೆ. ಒಂದು ಮಣ್ಣಿನ ತೇವ, ಇನ್ನೊಂದು ಅಂತರ್ಜಲ. ಎರಡರ ಕೆಲಸವೂ ಬೇರೆ ಬೇರೆ.

ಮೊದಲ ಖಾತೆ: ಮಣ್ಣಿನ ತೇವ

ಮಣ್ಣು ಗಟ್ಟಿ ವಸ್ತುವಿನಂತೆ ಕಂಡರೂ ಅದರ ಗಾತ್ರದಲ್ಲಿ ಅರ್ಧದಷ್ಟು ಬರಿಯ ರಂಧ್ರಗಳೇ. ಜೋರು ಮಳೆ ಬಂದಾಗ ಎಲ್ಲ ರಂಧ್ರಗಳೂ ತುಂಬುತ್ತವೆ. ದೊಡ್ಡ ರಂಧ್ರಗಳ ನೀರು ಒಂದೆರಡು ದಿನಗಳಲ್ಲಿ ಗುರುತ್ವದಿಂದ ಕೆಳಗಿಳಿಯುತ್ತದೆ. ಸಣ್ಣ ರಂಧ್ರಗಳ ನೀರು ಮಾತ್ರ ಇಳಿಯುವುದಿಲ್ಲ. ಮಣ್ಣಿನ ಕಣಗಳು ಅದನ್ನು ಹಿಡಿದುಕೊಳ್ಳುತ್ತವೆ. ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತಾನೇ ಮೇಲೇರುವುದನ್ನು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನೋಡಿದವರಿಗೆ ಈ ಶಕ್ತಿ ಗೊತ್ತು. ಅದೇ ಕ್ಯಾಪಿಲರಿ ಕ್ರಿಯೆ.

ಹೆಚ್ಚಿನ ನೀರು ಇಳಿದು, ಮಣ್ಣು ತನ್ನ ಶಕ್ತಿಯಿಂದ ಹಿಡಿದಿಟ್ಟ ನೀರಷ್ಟೇ ಉಳಿದ ಸ್ಥಿತಿಯನ್ನು ನಮ್ಮ ರೈತರು 'ಹದ' ಎನ್ನುತ್ತಾರೆ. ಹದ ಬಂದ ನೆಲದಲ್ಲಿ ನೇಗಿಲು ಸಲೀಸಾಗಿ ಓಡುತ್ತದೆ, ಬೀಜ ಮೊಳೆಯುತ್ತದೆ. ಅಲ್ಲಿಂದ ಮುಂದೆ ಬೇರು ದಿನವೂ ಸ್ವಲ್ಪ ಸ್ವಲ್ಪ ನೀರು ಹೀರುತ್ತದೆ. ಉಳಿದ ನೀರು ಕಡಿಮೆಯಾದಷ್ಟೂ ಮಣ್ಣು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ಹಂತದಲ್ಲಿ ಬೇರಿಗೆ ಎಳೆಯಲು ಆಗುವುದೇ ಇಲ್ಲ. ಆಗ ಗಿಡ ಬಾಡುತ್ತದೆ. ಮಣ್ಣಿನಲ್ಲಿ ಆಗಲೂ ಸ್ವಲ್ಪ ನೀರು ಇರುತ್ತದೆ, ಆದರೆ ಅದು ಗಿಡಕ್ಕೆ ದಕ್ಕದ ನೀರು. ಹದಕ್ಕೂ ಬಾಡುವ ಹಂತಕ್ಕೂ ನಡುವೆ ಇರುವ ನೀರೇ ಬೆಳೆಯ ಜೀವ.

ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳದಲ್ಲಿ ಇಂಥ ನೀರನ್ನು ಸುಮಾರು 100 ಮಿಲಿಮೀಟರಿನಷ್ಟು ಹಿಡಿಯಬಲ್ಲದು. ಎಕರೆಗೆ 4 ಲಕ್ಷ ಲೀಟರ್. ಪೈಪಿಲ್ಲದೆ, ಕರೆಂಟಿಲ್ಲದೆ, ಬಾಡಿಗೆಯಿಲ್ಲದೆ ಅರವತ್ತೇಳು ಟ್ಯಾಂಕರ್ ನೀರನ್ನು ಒಂದು ಎಕರೆ ಹೊಲ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮಳೆಗಾಲದಲ್ಲಿ ಈ ತೊಟ್ಟಿ ಹಲವು ಸಲ ತುಂಬಿ ಖಾಲಿಯಾಗುತ್ತದೆ. ರಾಗಿ ಬೆಳೆಗೆ ಒಟ್ಟಾರೆ ಬೇಕಾದದ್ದು 400 ಮಿಲಿಮೀಟರಿನ ಆಸುಪಾಸು. ಮಳೆಯ ನಡುವೆ ಹದಿನೈದು ದಿನ ಬಿಸಿಲು ಬಿದ್ದರೂ ರಾಗಿ ಒಣಗದೆ ನಿಲ್ಲುವುದು ಈ ತೊಟ್ಟಿಯ ಬಲದಿಂದ.

ನಮ್ಮ ಹಿರಿಯರ ಬೇಸಾಯದ ಕೆಲವು ಪದ್ಧತಿಗಳನ್ನು ಈ ದೃಷ್ಟಿಯಿಂದ ನೋಡಿ. ರಾಗಿ ಪೈರಿನ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಲ್ಲ. ಮೇಲಿನ ಪದರ ಸಡಿಲವಾದಾಗ ಕ್ಯಾಪಿಲರಿ ದಾರಿಗಳು ಕಡಿದುಹೋಗಿ, ಕೆಳಗಿನ ತೇವ ಮೇಲಕ್ಕೆ ಬಂದು ಆವಿಯಾಗುವುದು ಕಡಿಮೆಯಾಗುತ್ತದೆ. ಅಕ್ಕಡಿ ಸಾಲಿನಲ್ಲಿ ರಾಗಿಯ ಜೊತೆ ತೊಗರಿ, ಅವರೆ ಹಾಕುವುದರಲ್ಲಿಯೂ ಲೆಕ್ಕವಿದೆ. ರಾಗಿಯ ಬೇರು ಹೆಚ್ಚಾಗಿ ಮೇಲಿನ ಪದರದ ನೀರನ್ನು ಬಳಸಿದರೆ, ತೊಗರಿಯ ತಾಯಿಬೇರು ಆಳದ ತೇವವನ್ನು ಹುಡುಕುತ್ತದೆ. ರಾಗಿ ಕಟಾವಾದ ಮೇಲೆ, ಮಳೆಯಿಲ್ಲದ ಚಳಿಗಾಲದಲ್ಲಿ ನಮಗೆ ಸೊಗಡಿನ ಅವರೆಕಾಯಿ ಸಿಗುವುದು ಮಣ್ಣಿನಲ್ಲಿ ಉಳಿದ ತೇವದಿಂದ. ಬೇಸಿಗೆಯಲ್ಲಿ ಕೆರೆಯ ಗೋಡು ತಂದು ಹೊಲಕ್ಕೆ ಹೊಡೆಯುವುದೂ ಇದೇ ತೊಟ್ಟಿಯನ್ನು ದೊಡ್ಡದು ಮಾಡುವ ಕೆಲಸ. ಗೋಡಿನಲ್ಲಿರುವ ಜೇಡಿ ಮತ್ತು ಸಾವಯವ ಅಂಶ ಮರಳು ಮಣ್ಣಿಗಿಂತ ಹೆಚ್ಚು ನೀರು ಹಿಡಿಯುತ್ತವೆ.

ಮೇಲ್ಮಣ್ಣನ್ನು ಇಟ್ಟಿಗೆಗೋ ಲೇಔಟ್ ತುಂಬಲಿಕ್ಕೋ ಲಾರಿಗಳಲ್ಲಿ ಸಾಗಿಸಿದಾಗ ನಾವು ಮಾರುತ್ತಿರುವುದು ಮಣ್ಣನ್ನಷ್ಟೇ ಅಲ್ಲ, ಆ ತೊಟ್ಟಿಯನ್ನು.

ಎರಡನೆಯ ಖಾತೆ: ಅಂತರ್ಜಲ

ರಾಗಿ ಮಣ್ಣಿನ ತೇವದಲ್ಲಿ ಬದುಕುತ್ತದೆ. ಆದರೆ ದೇವನಹಳ್ಳಿಗೆ ಹೆಸರು ತಂದ ಚಕ್ಕೋತಕ್ಕೆ, ವಿಜಯಪುರದ ಕಡೆಯ ದ್ರಾಕ್ಷಿ, ಹಿಪ್ಪುನೇರಳೆ ತೋಟಗಳಿಗೆ ಬೇಸಿಗೆಯಲ್ಲೂ ನೀರು ಬೇಕು. ಅವು ಬದುಕುವುದು ಎರಡನೆಯ ಖಾತೆಯಿಂದ.

ಬೋರ್‌ವೆಲ್ ಕೊರೆಯುವಾಗ ನಿಂತು ನೋಡಿದವರಿಗೆ ನಮ್ಮ ನೆಲದ ರಚನೆ ಅರ್ಥವಾಗಿರುತ್ತದೆ. ಮೊದಲು ಕೆಂಪು ಮಣ್ಣು. ಅದರ ಕೆಳಗೆ ಕಲ್ಲು ಕರಗಿ ಪುಡಿಯಾದ ಗರಸಿನ ಪದರ. ಅದರ ಕೆಳಗೆ ಸುಮಾರು 300 ಕೋಟಿ ವರ್ಷ ಹಳೆಯದಾದ ಗಟ್ಟಿ ನೈಸ್ ಕಲ್ಲು. ಕೇಸಿಂಗ್ ಪೈಪನ್ನು ಗಟ್ಟಿ ಕಲ್ಲು ಸಿಗುವ ತನಕ ಮಾತ್ರ ಇಳಿಸುತ್ತಾರೆ. ಆದ್ದರಿಂದ ನಿಮ್ಮ ಬೋರಿಗೆ ಎಷ್ಟು ಅಡಿ ಕೇಸಿಂಗ್ ಹೋಯಿತು ಎಂದು ಮನೆಯಲ್ಲಿ ಕೇಳಿದರೆ ಮಣ್ಣು ಮತ್ತು ಗರಸಿನ ಒಟ್ಟು ದಪ್ಪ ತಿಳಿಯುತ್ತದೆ.

ಈ ಗರಸಿನ ಪದರವೇ ನಮ್ಮ ನಿಜವಾದ ಭೂಗತ ಕೆರೆ. ಇದರಲ್ಲಿ ನೂರು ಲೀಟರ್ ಗಾತ್ರದಿಂದ ಸುಮಾರು ಎರಡು ಲೀಟರ್ ನೀರು ಹೊರಗೆ ಬರುತ್ತದೆ. ಅದರ ಕೆಳಗಿನ ಗಟ್ಟಿ ಕಲ್ಲಿನಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಅಲ್ಲಿ ನೂರು ಲೀಟರ್ ಗಾತ್ರಕ್ಕೆ ಕಾಲು ಲೀಟರ್ ಸಿಗುವುದೂ ಕಷ್ಟ.

ಈಗ ಲೆಕ್ಕ ನೋಡಿ. ಒಂದು ವರ್ಷದ 80 ಮಿಲಿಮೀಟರ್ ಮರುಪೂರಣ ಗರಸಿನ ಪದರಕ್ಕೆ ಬಿದ್ದರೆ, ನೂರಕ್ಕೆ ಎರಡರ ಲೆಕ್ಕದಲ್ಲಿ, ನೀರಿನ ಮಟ್ಟ 4 ಮೀಟರ್ ಏರುತ್ತದೆ. ಅಷ್ಟೇ ನೀರನ್ನು ನಾವು ತೆಗೆದರೆ 4 ಮೀಟರ್ ಇಳಿಯುತ್ತದೆ. ಆದರೆ ಗರಸಿನ ಪದರ ಖಾಲಿಯಾಗಿ, ನೂರಕ್ಕೆ 0.2ರಷ್ಟು ನೀರು ಕೊಡುವ ಬಿರುಕು ಕಲ್ಲಿನಿಂದ ಅಷ್ಟೇ 80 ಮಿಲಿಮೀಟರ್ ನೀರು ಎತ್ತಿದರೆ ಮಟ್ಟ ಇಳಿಯುವುದು 40 ಮೀಟರ್. ಅಂದರೆ 130 ಅಡಿ.

ನಾಲ್ಕು ಮೀಟರಿಗೂ ನಲವತ್ತು ಮೀಟರಿಗೂ ಇರುವ ಈ ವ್ಯತ್ಯಾಸದಲ್ಲಿ ನಮ್ಮ ತಾಲೂಕಿನ ಐವತ್ತು ವರ್ಷಗಳ ಕಥೆಯಿದೆ. ಕಪಿಲೆ ಕಟ್ಟಿ ಎತ್ತುಗಳಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಬಾವಿಗಳು ಗರಸಿನ ಪದರದಲ್ಲಿಯೇ ಇದ್ದವು. ಎತ್ತುಗಳು ಎಷ್ಟು ಎಳೆದಾವು? ಮಳೆ ಕೊಟ್ಟಷ್ಟನ್ನೇ ಬಾವಿ ಕೊಡುತ್ತಿತ್ತು. ಕೊರೆಯುವ ಯಂತ್ರ ಮತ್ತು ಮುಳುಗು ಪಂಪು ಬಂದ ಮೇಲೆ ಆ ಮಿತಿ ಹೋಯಿತು. ಮೇಲಿನ ಪದರ ಖಾಲಿಯಾದ ನಂತರ ಮಟ್ಟ ಇಳಿಯುವ ವೇಗ ಒಮ್ಮೆಲೇ ಹೆಚ್ಚಿತು. ಈಗ ಸಾವಿರ ಅಡಿ ದಾಟಿದರೂ ಧೂಳೇ ಬರುವ ಕೊಳವೆಬಾವಿಗಳು ನಮ್ಮ ಸುತ್ತ ಇವೆ. ಇನ್ನೂ ಆಳಕ್ಕೆ ಹೋದರೆ ಇನ್ನೂ ದೊಡ್ಡ ಕೆರೆ ಸಿಗುತ್ತದೆ ಎಂಬ ನಂಬಿಕೆ ಈ ಕಲ್ಲಿನ ನಾಡಿಗೆ ಹೊಂದುವುದಿಲ್ಲ. ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆಯಾಗುತ್ತವೆ. ಸಿಕ್ಕಿದ ನೀರೂ ಕಲ್ಲಿನ ಜೊತೆ ಬಹುಕಾಲ ಇದ್ದ ನೀರಾದ್ದರಿಂದ ಅದರಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇರುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಇನ್ನೊಂದು ಲೆಕ್ಕ. ಗಂಟೆಗೆ 5,000 ಲೀಟರ್ ಕೊಡುವ ಒಂದು ಬೋರು ದಿನಕ್ಕೆ 6 ಗಂಟೆಯಂತೆ ವರ್ಷದಲ್ಲಿ 200 ದಿನ ಓಡಿತು ಎಂದುಕೊಳ್ಳಿ. ಅದು ಎತ್ತಿದ ನೀರು 60 ಲಕ್ಷ ಲೀಟರ್. ಎಕರೆಗೆ 3.2 ಲಕ್ಷ ಲೀಟರ್ ಮರುಪೂರಣವಾದರೆ ಈ ಒಂದು ಬೋರಿಗೆ ಸುಮಾರು 19 ಎಕರೆಯ ಮಳೆ ಬೇಕು. ಬೋರಿನ ಮಾಲೀಕರ ಜಮೀನು ಎರಡೇ ಎಕರೆ ಇದ್ದರೆ ಉಳಿದ ಹದಿನೇಳು ಎಕರೆಯ ನೀರು ನೆರೆಯವರದು. ಬೋರು ನಮ್ಮ ಜಮೀನಿನಲ್ಲಿದೆ, ಅದರೊಳಗಿನ ನೀರು ಮಾತ್ರ ಊರಿನದು. ವರ್ಷಕ್ಕೆ ಸೇರುವ ನೀರಿಗಿಂತ ತೆಗೆಯುವ ನೀರು ಹೆಚ್ಚಾದ ತಾಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ 'ಅತಿ ಬಳಕೆ'ಯ ವರ್ಗಕ್ಕೆ ಸೇರಿಸುತ್ತದೆ. ದೇವನಹಳ್ಳಿ ಬಹಳ ವರ್ಷಗಳಿಂದ ಆ ವರ್ಗದಲ್ಲಿದೆ.

ಬಾವಿಯ ನೀರೇ ಹೊಳೆಯ ನೀರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಂತರ್ಜಲ ನಿಂತ ನೀರಲ್ಲ. ಅದು ಎತ್ತರದ ಕಡೆಯಿಂದ ತಗ್ಗಿನ ಕಡೆಗೆ ಬಹಳ ನಿಧಾನವಾಗಿ ಚಲಿಸುತ್ತದೆ. ಭೂಮಿಯಲ್ಲಿ ಅತಿ ತಗ್ಗಾದ ಜಾಗ ಹಳ್ಳದ ತಳ. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲೆ ಇರುವ ತನಕ ನೀರು ದಡದಿಂದ, ತಳದಿಂದ ಒರತೆಯಾಗಿ ಹೊರಗೆ ಬರುತ್ತಲೇ ಇರುತ್ತದೆ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಅರ್ಕಾವತಿಯಲ್ಲಿ ಹರಿಯುತ್ತಿದ್ದದ್ದು ಈ ನೀರು. ಮಳೆಗಾಲದ ಪ್ರವಾಹ ಕೆಲವು ದಿನಗಳದ್ದು, ವರ್ಷದ ಉಳಿದ ದಿನಗಳಲ್ಲಿ ನದಿ ಎಂದರೆ ಹೊರಗೆ ಬಂದ ಅಂತರ್ಜಲವೇ.

ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಇಳಿದರೆ ದಿಕ್ಕು ತಿರುಗುತ್ತದೆ. ಆಗ ನೆಲ ನದಿಗೆ ನೀರು ಕೊಡುವುದಿಲ್ಲ. ನದಿಯಲ್ಲಿ ಬಂದ ನೀರನ್ನೇ ನೆಲ ಕುಡಿಯುತ್ತದೆ. ಮಟ್ಟ ನೂರಾರು ಅಡಿ ಕೆಳಗಿರುವಾಗ ಒಳ್ಳೆಯ ಮಳೆ ಬಂದರೂ ನೀರು ಸ್ವಲ್ಪ ದೂರ ಹರಿದು ಇಂಗಿಹೋಗುತ್ತದೆ.

ಅರ್ಕಾವತಿಯಲ್ಲಿ ಆಗಿರುವುದು ಇದೇ ಎಂದು ತೋರಿಸುವ ಅಧ್ಯಯನವೊಂದಿದೆ. ಬೆಂಗಳೂರಿಗೆ ನೀರು ಕೊಡಲೆಂದು ಈ ನದಿಗೆ ಹೆಸರಘಟ್ಟದಲ್ಲಿ 1894ರಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯಗಳು ಬಂದವು. ನಂತರದ ದಶಕಗಳಲ್ಲಿ ಇವುಗಳಿಗೆ ಬರುವ ನೀರು ತೀವ್ರವಾಗಿ ಇಳಿಯಿತು. ಬೆಂಗಳೂರಿನ ಏಟ್ರಿ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಸಂಗಡಿಗರು ಕಾರಣ ಹುಡುಕಿ 2015ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರು ಅನುಸರಿಸಿದ ವಿಧಾನ ವಿಜ್ಞಾನ ವಿದ್ಯಾರ್ಥಿಗಳಿಗೆ ಮಾದರಿಯಾಗಿದೆ. ಮಳೆ ಕಡಿಮೆಯಾಯಿತೇ? ಬಿಸಿಲು ಹೆಚ್ಚಿ ಆವಿಯಾಗುವುದು ಹೆಚ್ಚಿತೇ? ಅಂತರ್ಜಲ ಎತ್ತಿದ್ದೇ? ನೀಲಗಿರಿ ತೋಪುಗಳೇ? ಹಳ್ಳಗಳಿಗೆ ಹಾಕಿದ ಅಡ್ಡಗಟ್ಟೆಗಳೇ? ಪ್ರತಿಯೊಂದನ್ನೂ ಪ್ರತ್ಯೇಕ ಊಹೆಯಾಗಿ ಇಟ್ಟುಕೊಂಡು ಪರೀಕ್ಷಿಸಿದರು. ಮಳೆಯ ಬದಲಾವಣೆಯಾಗಲಿ ಉಷ್ಣಾಂಶವಾಗಲಿ ಇಷ್ಟು ದೊಡ್ಡ ಇಳಿಕೆಯನ್ನು ವಿವರಿಸಲಿಲ್ಲ. ಮುಖ್ಯ ಕಾರಣಗಳಾಗಿ ಉಳಿದದ್ದು ಅಂತರ್ಜಲದ ಬಳಕೆ ಮತ್ತು ನೀಲಗಿರಿ ತೋಪುಗಳು. ಅಡ್ಡಗಟ್ಟೆಗಳ ಪಾಲು ಅದಕ್ಕಿಂತ ಕಡಿಮೆ. 'ಮಳೆಯೇ ಇಲ್ಲ, ಹೊಳೆ ಎಲ್ಲಿಂದ ಬರಬೇಕು' ಎಂದು ನಾವು ಹೇಳುವ ಮಾತು ಪೂರ್ತಿ ಸರಿಯಲ್ಲ.

ನೀಲಗಿರಿಯ ಆಳವಾದ ಬೇರು ವರ್ಷವಿಡೀ ನೀರು ಹೀರುತ್ತದೆ. ಮಣ್ಣಿನ ತೊಟ್ಟಿ ಸದಾ ಖಾಲಿಯಿದ್ದರೆ ಮಳೆ ಬಂದಾಗ ಮೊದಲು ಅದು ತುಂಬಬೇಕು. ಕೆಳಗಿಳಿಯಲು ಏನೂ ಉಳಿಯುವುದಿಲ್ಲ. ಈ ಮರ ಭಾರತಕ್ಕೆ ಮೊದಲು ಬಂದದ್ದು 1790ರ ಸುಮಾರಿಗೆ, ಇದೇ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರ ನಂದಿ ಬೆಟ್ಟದ ತೋಟಕ್ಕೆ ಎಂದು ಹೇಳುತ್ತಾರೆ. ತೋಟದಲ್ಲಿ ಕೆಲವೇ ಮರಗಳಿದ್ದಾಗ ಅದರಿಂದ ತೊಂದರೆಯಿರಲಿಲ್ಲ. ಹಳ್ಳಿಹಳ್ಳಿಯ ಹೊಲ, ಗೋಮಾಳಗಳಲ್ಲಿ ತೋಪುಗಳಾಗಿ ಹರಡಿದಾಗ ತೊಂದರೆ ಶುರುವಾಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಸಿಹಿನೀರು ಕೆರೆಯ ಪಾಠ

ಹೋದ ನೀರು ಮರಳಿ ಬರುವುದಿಲ್ಲ ಎಂದುಕೊಳ್ಳಬೇಕಾಗಿಲ್ಲ. ಉದಾಹರಣೆ ನಮ್ಮ ಪಟ್ಟಣದಲ್ಲೇ ಇದೆ. ಬೆಂಗಳೂರಿನ ಬಳಕೆಯಾದ ನೀರನ್ನು ಸಂಸ್ಕರಿಸಿ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ದೇವನಹಳ್ಳಿಯ ಸಿಹಿನೀರು ಕೆರೆಗೂ ನೀರು ಬಂತು. ಕೆರೆ ತುಂಬಿದ ಮೇಲೆ ಅದರ ಪಕ್ಕದ ಹಳೆಯ, ಬತ್ತಿಹೋಗಿದ್ದ ತೆರೆದ ಬಾವಿಯಲ್ಲಿ ನೀರು ಕಾಣಿಸಿತು. ಬಾವಿಯನ್ನು ದುರಸ್ತಿ ಮಾಡಿ, ಆ ನೀರನ್ನು ಶುದ್ಧೀಕರಿಸಿ ಪಟ್ಟಣದ ಸರಬರಾಜಿಗೆ ಸೇರಿಸುವ ಕೆಲಸ ನಡೆಯಿತು.

ಇದು ನಾವು ಮೇಲೆ ಮಾಡಿದ ಲೆಕ್ಕದ ಸಾಕ್ಷಿ. ಗರಸಿನ ಪದರ ಖಾಲಿಯಾಗಿತ್ತು, ನಾಶವಾಗಿರಲಿಲ್ಲ. ಮೇಲಿನಿಂದ ನೀರು ಕೊಟ್ಟಾಗ ಅದು ಮತ್ತೆ ಹಿಡಿದುಕೊಂಡಿತು. ಕೆರೆಯ ತಳದ ಮಣ್ಣಿನಲ್ಲಿ ಇಳಿಯುವಾಗ ನೀರು ಸ್ವಲ್ಪ ಮಟ್ಟಿಗೆ ಸೋಸಿಕೊಳ್ಳುತ್ತದೆ ಎಂಬುದೂ ನಿಜ. ಆದರೆ ಇದು ಊರಿನ ಚರಂಡಿಯಿಂದ ಬಂದು ಸಂಸ್ಕರಣೆಯಾದ ನೀರಾದ್ದರಿಂದ ನೈಟ್ರೇಟ್, ಲೋಹಗಳು, ರೋಗಾಣುಗಳ ಪರೀಕ್ಷೆ ತಪ್ಪದೆ ನಡೆಯುತ್ತಿರಬೇಕು. ಕೆರೆಗೆ ನೀರು ಬಂತು ಎಂದು ಮೊದಲಿಗಿಂತ ಹೆಚ್ಚು ಪಂಪು ಓಡಿಸಿದರೆ ಲಾಭವೂ ಉಳಿಯುವುದಿಲ್ಲ.

ಹಿಂದಿನವರು ಕೆರೆಗಳನ್ನು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದ್ದರ ಅರ್ಥವೂ ಇಲ್ಲಿ ತಿಳಿಯುತ್ತದೆ. ಕೆರೆ ತೂಬಿನ ಮೂಲಕ ಗದ್ದೆಗೆ ಕೊಟ್ಟ ನೀರು ಕಣ್ಣಿಗೆ ಕಾಣುತ್ತಿತ್ತು. ಏರಿಯ ಕೆಳಗಿನ ಬಾವಿಗಳಿಗೆ ಕೊಟ್ಟ ನೀರು ಕಾಣುತ್ತಿರಲಿಲ್ಲ. ರಾಜಕಾಲುವೆ ಮುಚ್ಚಿದಾಗ ಎರಡೂ ನಿಲ್ಲುತ್ತವೆ.

ನಾವು ಮಾಡಬಹುದಾದದ್ದು

ಒಂದು, ನಮ್ಮ ಚಾವಣಿಯ ನೀರು. 500 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 4 ಲಕ್ಷ ಲೀಟರ್ ಮಳೆ ಬೀಳುತ್ತದೆ. ಸೋರಿಕೆ, ಆವಿ ಕಳೆದು 3 ಲಕ್ಷ ಲೀಟರಾದರೂ ಇಂಗುಬಾವಿಗೆ ಹೋದರೆ ಅದು ಸುಮಾರು ಒಂದು ಎಕರೆ ಹೊಲ ವರ್ಷವಿಡೀ ಇಂಗಿಸುವ ನೀರಿಗೆ ಸಮ.

ಎರಡು, ವುಜೂ ನೀರು. ಕಾಲೇಜಿನಲ್ಲಿಯೂ ಮಸೀದಿಗಳಲ್ಲಿಯೂ ವುಜೂ ಮಾಡಿದ ನೀರಿನಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ಅದನ್ನು ಚರಂಡಿಗೆ ಬಿಡುವ ಬದಲು ಒಂದು ಪೈಪಿನಲ್ಲಿ ಗಿಡಗಳ ಬುಡಕ್ಕೆ ತಿರುಗಿಸುವುದು ಕಷ್ಟವಲ್ಲ. ನಲ್ಲಿಯನ್ನು ಸಣ್ಣಗೆ ಬಿಡುವುದು ಅದಕ್ಕಿಂತಲೂ ಸುಲಭ.

ಮೂರು, ಸದಕಾ ಜಾರಿಯಾ. ತೀರಿಹೋದ ಹಿರಿಯರ ಹೆಸರಿನಲ್ಲಿ ಬೋರು ಹಾಕಿಸಿ ಊರಿಗೆ ಕೊಡುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಮದೀನಾದಲ್ಲಿ ಹಜ್ರತ್ ಉಸ್ಮಾನರು ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದು ಇದಕ್ಕೆ ಪ್ರೇರಣೆ. ಅತಿ ಬಳಕೆಯ ತಾಲೂಕಿನಲ್ಲಿ ಹೊಸ ಬೋರು ಕೊಡುವುದು ಎಷ್ಟೋ ಸಲ ನೆರೆಯ ಬಾವಿಯ ನೀರನ್ನೇ. ಅದೇ ಹಣದಲ್ಲಿ ಒಂದು ಹಳೆಯ ಬಾವಿಯ ಹೂಳೆತ್ತಿಸಿದರೆ, ಒಂದು ಇಂಗುಬಾವಿ ಮಾಡಿಸಿದರೆ ಆ ನೀರು ಇನ್ನೂ ಹೆಚ್ಚು ಜನಕ್ಕೆ, ಹೆಚ್ಚು ಕಾಲ ಸಿಗುತ್ತದೆ.

ನಾಲ್ಕು, ಅಳತೆ. ನಿಮ್ಮ ಹಳ್ಳಿಯಲ್ಲಿ ಒಂದು ತೆರೆದ ಬಾವಿಯನ್ನು ಆರಿಸಿಕೊಳ್ಳಿ. ಹಗ್ಗಕ್ಕೆ ಕಲ್ಲು ಕಟ್ಟಿ, ಪ್ರತಿ ತಿಂಗಳು ಅದೇ ತಾರೀಖಿಗೆ, ದೊಡ್ಡವರೊಬ್ಬರು ಜೊತೆಯಲ್ಲಿರುವಾಗ, ಬಾವಿಯ ಕಟ್ಟೆಯಿಂದ ನೀರಿನ ಮಟ್ಟದವರೆಗೆ ಅಳೆದು ಬರೆದಿಡಿ. ಬಾವಿ ಒಣಗಿದ್ದರೆ 'ಒಣಗಿದೆ' ಎಂದೇ ಬರೆಯಿರಿ, ಅದೂ ಮಾಹಿತಿಯೇ. ಹೊಲದ ಮಣ್ಣನ್ನು ಒಂದು ಅಡಿ ಆಳದಿಂದ ತೆಗೆದು ತಕ್ಷಣ ತೂಗಿ, ಪ್ರಯೋಗಾಲಯದ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿದರೆ ಮಣ್ಣಿನ ತೇವವೂ ಸಿಗುತ್ತದೆ. ಮೇ ತಿಂಗಳ ಮತ್ತು ನವೆಂಬರ್ ತಿಂಗಳ ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಆ ವರ್ಷದ ಮಳೆ ನಿಮ್ಮ ಊರಿನ ಎರಡು ಖಾತೆಗಳಿಗೆ ಎಷ್ಟು ಜಮೆ ಮಾಡಿತು ಎಂದು ಅಂದಾಜಾಗುತ್ತದೆ.

ಅಳತೆಗಳನ್ನು ಭೂಗೋಳ ಅಥವಾ ಜೀವಶಾಸ್ತ್ರ ವಿಭಾಗಕ್ಕೆ ತಂದು ಕೊಡಿ. ಬೇರೆ ಬೇರೆ ಹಳ್ಳಿಗಳ ಬಾವಿಗಳ ಲೆಕ್ಕ ಒಂದೇ ಹಾಳೆಯ ಮೇಲೆ ಸೇರಿದರೆ ನಮ್ಮ ತಾಲೂಕಿನ ನೀರು ಎಲ್ಲಿ ಏರುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂದು ನಾವೇ ಹೇಳಬಹುದು. ಮನೆಯಲ್ಲಿ ಇನ್ನೊಂದು ಬೋರು ಕೊರೆಸಲು ಸಾಲ ಮಾಡುವ ಮಾತು ಬಂದಾಗ ಮುಂದೆ ಇಡಲು ಒಂದು ಲೆಕ್ಕವಾದರೂ ನಮ್ಮ ಕೈಯಲ್ಲಿ ಇರುತ್ತದೆ.